ಗುದ್ದಿ ಹಣ್ಣು ಮಾಡಬೇಡಿ, ಮಕ್ಕಳು ಮಾಗಲಿ

ಮಾವಿನಕಾಯಿಗೆ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಅಪರಾಧ. ಅಧಿಕಾರಿಗಳು ಮಂಡಿಗೆ ನುಗ್ಗಿ ಹಣ್ಣು ಜಪ್ತಿ ಮಾಡಿದರೆ ನಾವು ಫೋಟೊ ಸಮೇತ ಸುದ್ದಿ ಬರೆಯುತ್ತೇವೆ. ಆದರೆ ಮಕ್ಕಳನ್ನು ಗುದ್ದಿ ಹಣ್ಣು ಮಾಡಿದರೆ ಯಾರೂ ದೂರು ಕೊಡುವುದಿಲ್ಲ. ‘ನಮ್ಮ ಹುಡುಗ ಭಾರಿ ಫಾಸ್ಟು’ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ.

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ಪೋಷಕರಿಗೆ ತೊಂದರೆ ಆಗದಿರಲಿ ಎಂದು ಜಾರಿಯನ್ನು 2025-26ಕ್ಕೆ ಮುಂದೆ ಹಾಕಿತು. ಆ ವರ್ಷ ಬಂದಾಗ ಮತ್ತೆ ಗದ್ದಲ. ಯುಕೆಜಿ ಮುಗಿಸಿದ ಮಗು ಇನ್ನೊಂದು ವರ್ಷ ಸುಮ್ಮನೆ ಮನೆಯಲ್ಲಿ ಕೂರಬೇಕಾ, ಒಂದು ವರ್ಷ ಹಾಳಾಗುತ್ತದಲ್ಲಾ ಎಂದು ಎಲ್ಲ ಕಡೆ ಕೂಗು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಮಣಿಯಿತು. ಆ ಒಂದು ವರ್ಷದ ಮಟ್ಟಿಗೆ ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು.

ಪೋಷಕರದ್ದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಇನ್ನೂ ಅಮ್ಮನ ಸೆರಗು ಬಿಡದ ಕೂಸನ್ನು ಎಲ್‌ಕೆಜಿಗೆ ಸೇರಿಸಿಕೊಂಡು ಫೀಸು ಎಣಿಸಿದ ಶಾಲೆಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ನಮ್ಮ ತಕರಾರು ಬೇರೆ. ಅಷ್ಟು ದಿನ ನಡೆದ ಗಲಾಟೆಯಲ್ಲಿ ‘ವರ್ಷ’ದ ಬಗ್ಗೆ ಮಾತಾಡಿದವರೇ ಎಲ್ಲರೂ. ಐದೂವರೆ ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿದು ಬರೆಯುವ ಕಸುವು ಬಂದಿದೆಯಾ, ಅದು ಒಂದೇ ಕಡೆ ಮುಕ್ಕಾಲು ಗಂಟೆ ಕೂರಬಲ್ಲದಾ ಎಂದು ಕೇಳಿದವರು ಬಹಳ ಕಡಿಮೆ. ಮಗು ಯಾರ ಲೆಕ್ಕದಲ್ಲೂ ಇರಲಿಲ್ಲ.

ನಾವು ಇದನ್ನು ದೂರದಲ್ಲಿ ನಿಂತು ಬರೆಯುತ್ತಿಲ್ಲ. ನಾವೆಲ್ಲ ಹಳ್ಳಿ ಶಾಲೆಗಳಲ್ಲೇ ಕಲಿತು ಬಂದವರು. ನಮ್ಮಲ್ಲೊಬ್ಬ ಮೂರನೇ ಕ್ಲಾಸು ಮುಗಿದರೂ ಒತ್ತಕ್ಷರ ಓದಲಾರದವನಾಗಿದ್ದ. ‘ಇವನ ತಲೆಗೆ ಹತ್ತಲ್ಲಮ್ಮ, ಕುರಿ ಹಿಂದೆ ಕಳಿಸು’ ಎಂದು ಮೇಷ್ಟರು ಅವನ ಅವ್ವನಿಗೆ ಹೇಳಿದ್ದರು. ನಾಲ್ಕನೇ ಕ್ಲಾಸಿಗೆ ವರ್ಗವಾಗಿ ಬಂದ ಟೀಚರ್ ಹಾಗೆ ಹೇಳಲಿಲ್ಲ. ದಿನಾ ಊಟದ ಬಿಡುವಿನಲ್ಲಿ ಅವನನ್ನು ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿ, ಅವರಿಗೆ ಕತೆ ಓದಿ ಹೇಳುವ ಕೆಲಸ ಕೊಟ್ಟರು. ತಡವರಿಸಿದರೂ ಯಾರೂ ನಗದ ಜಾಗ ಅದು. ಐದನೇ ಕ್ಲಾಸಿನ ದಸರಾ ರಜೆಯಲ್ಲಿ ಅವನು ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣ ಬಿಚ್ಚಿ, ಬೆಲ್ಲ ಬಿಟ್ಟು ಪೇಪರ್ ಓದುತ್ತ ಕೂತಿದ್ದನ್ನು ಅವನ ಅವ್ವ ಇವತ್ತಿಗೂ ಹೇಳುತ್ತಾರೆ. ಈ ಬರಹದ ತಪ್ಪು ತಿದ್ದಿದವನು ಅವನೇ. ಅವನ ಪಕ್ಕ ಕೂರುತ್ತಿದ್ದ ಇನ್ನೊಬ್ಬ ಹುಡುಗನ ಅಪ್ಪ ಮೇಷ್ಟರ ಮಾತು ನಂಬಿ, ಆ ಟೀಚರ್ ಬರುವ ಮೊದಲೇ ಶಾಲೆ ಬಿಡಿಸಿದ್ದ. ಇಬ್ಬರ ನಡುವೆ ಬುದ್ಧಿಯ ವ್ಯತ್ಯಾಸ ಇರಲಿಲ್ಲ. ಒಂದೂವರೆ ವರ್ಷ ಕಾಯುವವರು ಒಬ್ಬನಿಗೆ ಸಿಕ್ಕರು, ಇನ್ನೊಬ್ಬನಿಗೆ ಸಿಗಲಿಲ್ಲ.

‘ಮಗುವಿನ ಹೆಜ್ಜೆಗೆ ತಕ್ಕಂತೆ ಶಾಲೆ ನಡೆಯಬೇಕು ಅನ್ನೋದೆಲ್ಲ ವಿದೇಶದಲ್ಲಿ ಸರಿ, ನಮ್ಮ ಸರ್ಕಾರಿ ಶಾಲೆಯಲ್ಲಿ ಆಗುವ ಮಾತಲ್ಲ’ ಎನ್ನುವವರಿದ್ದಾರೆ. ಅವರಿಗೆ ನಾವು ತೋರಿಸುವುದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯನ್ನು. 1995ರಲ್ಲಿ, ಯುನಿಸೆಫ್ ನೆರವಿನಲ್ಲಿ, ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಆಟ ಹೊಂದಿಸಿದರು. ಅದೇ ನಲಿ-ಕಲಿ. ರಾಜಧಾನಿಯಿಂದ ಇಳಿದು ಬಂದ ಯೋಜನೆಯಲ್ಲ ಅದು. ಕಾಡಂಚಿನ ತಾಲ್ಲೂಕಿನ ಮೇಷ್ಟರು, ಮೇಡಂಗಳು ಕಟ್ಟಿದ್ದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರನೇ ತರಗತಿಗೂ.

ಆ ಕೋಣೆ ಹೇಗಿರುತ್ತದೆ ಎಂದು ನೋಡದವರು ಒಮ್ಮೆ ನೋಡಬೇಕು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಆ ಗುರುತಿನದೇ ಒಂದು ಕಾರ್ಡು. ಮಗು ತನ್ನ ಮೆಟ್ಟಿಲು ನೋಡಿಕೊಂಡು, ತನ್ನ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಹೊಸದು ಕಲಿಯುವವರು ಟೀಚರ್ ಬಳಿಯ ಗುಂಪಿನಲ್ಲಿ. ಸ್ವಲ್ಪ ಬಂದವರು ಗೆಳೆಯರ ಜೊತೆ. ಚೆನ್ನಾಗಿ ಬಂದವರು ತಾವೇ. ಅಕ್ಷರವೂ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ರ ಗ ಸ ದ ಅ. ‘ಇದೇನ್ರೀ, ಅಆಇಈ ಬಿಟ್ಟು ಗರಗಸ ಕಲಿಸ್ತೀರಿ’ ಎಂದು ಜಗಳಕ್ಕೆ ಹೋದ ಅಪ್ಪಂದಿರು ನಮ್ಮ ಊರುಗಳಲ್ಲೂ ಇದ್ದರು. ಆದರೆ ಆ ಐದು ಅಕ್ಷರ ಬಂದ ಮಗು ಸರ, ಅರಸ, ಅಗಸ, ಗರಗಸ ಎಂದು ಆಗಲೇ ಓದಲು ಶುರು ಮಾಡಿರುತ್ತದೆ. ಇಡೀ ವರ್ಣಮಾಲೆ ಮುಗಿಯುವ ತನಕ ಕಾಯಬೇಕಿಲ್ಲ.

ನಮಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಕಬ್ಬು ಕಡಿಯಲು ಹೋದ ಅಪ್ಪ ಅಮ್ಮನ ಜೊತೆ ಹೋದ ಮಗು, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಮಗು, ಜ್ವರ ಬಂದು ಹದಿನೈದು ದಿನ ಮಲಗಿದ ಮಗು ವಾಪಸು ಬಂದಾಗ ಬೇರೆ ಶಾಲೆಯಲ್ಲಾದರೆ ಪಾಠ ಮುಂದೆ ಹೋಗಿರುತ್ತದೆ. ಇಲ್ಲಿ ಏಣಿಯ ಅದೇ ಮೆಟ್ಟಿಲು ಅದಕ್ಕಾಗಿ ಕಾದಿರುತ್ತದೆ. ನಾವು ಹೋಗಿದ್ದ ಒಂದು ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ‘ನೀನು ಎಷ್ಟನೇ ಕ್ಲಾಸು?’ ಎಂದು ಕೇಳಿದೆವು. ಅವಳು ಕ್ಲಾಸು ಹೇಳಲಿಲ್ಲ. ಗೋಡೆಯ ಏಣಿಯ ಮೇಲೆ ಬೆರಳಿಟ್ಟು ‘ನಾನು ಇಲ್ಲಿದೀನಿ, ಇದಾದ ಮೇಲೆ ಇದು’ ಎಂದಳು. ತಾನು ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಹೋಗಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಡಿಗ್ರಿ ಮುಗಿಸಿದ ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ.

ಇಷ್ಟು ಒಳ್ಳೆಯದನ್ನು ನಾವು ಏನು ಮಾಡಿದೆವು? ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ಈ ಪದ್ಧತಿಯ ಶಕ್ತಿ. ಇಲಾಖೆಗೆ ಅದು ಮೂರು ತರಗತಿಗೆ ಒಬ್ಬರೇ ಟೀಚರ್ ಸಾಕು ಎನ್ನುವ ನೆಪವಾಯಿತು. ಆ ಒಬ್ಬ ಟೀಚರ್ ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ ಬರೆಯಬೇಕು, ಎಸ್‌ಎಟಿಎಸ್ ತುಂಬಬೇಕು, ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಬೇಕು. ಅವರು ಇಲ್ಲದ ದಿನ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಹರಿದ ಕಾರ್ಡಿಗೆ ಬದಲಿ ಬರುವುದಿಲ್ಲ. ಇಷ್ಟಾಗಿಯೂ ಮೂರು ವರ್ಷ ತನ್ನ ಹೆಜ್ಜೆಯಲ್ಲಿ ನಡೆದ ಮಗು ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಏಣಿಯನ್ನೇ ತೆಗೆದಿಡುತ್ತಾರೆ. ಕೈಗೊಂದು ದಪ್ಪ ಪುಸ್ತಕ ಕೊಟ್ಟು, ಎಲ್ಲರೂ ಒಂದೇ ಪುಟ ತೆಗೆಯಿರಿ ಎನ್ನುತ್ತಾರೆ.

ಆಮೇಲೆ ಬಂತು ಐದನೇ ತರಗತಿಗೆ ಮಂಡಳಿ ಪರೀಕ್ಷೆ. ಇದನ್ನು ತಾರೀಖಿನ ಸಮೇತ ನೆನಪಿಸಬೇಕು, ಏಕೆಂದರೆ ನಾವು ಬೇಗ ಮರೆಯುತ್ತೇವೆ. 2023ರ ಮಾರ್ಚ್‌ನಲ್ಲಿ ಐದನೇ ತರಗತಿಯ ಪರೀಕ್ಷೆ ಬರೆದ ಮಕ್ಕಳು ಯಾರು? 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಎರಡನೇ ತರಗತಿಯಲ್ಲಿದ್ದವರು. ಮೂರನೇ ತರಗತಿಯ ಕೋಣೆಯನ್ನು ಅವರು ಕಂಡೇ ಇಲ್ಲ. ನಾಲ್ಕನೆಯದಕ್ಕೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಈ ಮಕ್ಕಳು ಹಿಂದೆ ಬಿದ್ದಿದ್ದಾರೆ ಎಂದು ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ 2022-23ನ್ನು ‘ಕಲಿಕಾ ಚೇತರಿಕೆ’ ವರ್ಷ ಎಂದು ಕರೆಯಿತು. ಚೇತರಿಸಿಕೊಳ್ಳುವ ರೋಗಿಯನ್ನು ಅದೇ ವರ್ಷದ ಕೊನೆಗೆ ಓಟದ ಪಂದ್ಯಕ್ಕೆ ನಿಲ್ಲಿಸಿತು.

ಯಾರನ್ನೂ ಫೇಲ್ ಮಾಡುವುದಿಲ್ಲ ಎಂದರು. ಸರಿ, ಹಾಗಾದರೆ ಹತ್ತು ವರ್ಷದ ಮಗುವಿಗೆ ಮಂಡಳಿಯ ಪ್ರಶ್ನೆಪತ್ರಿಕೆ ಯಾಕೆ? ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯಬೇಕಾದ್ದು ಅದರ ಟೀಚರಿಗೆ. ಅವರಿಗೆ ಅದು ಜುಲೈ ತಿಂಗಳಲ್ಲೇ ಗೊತ್ತಿರುತ್ತದೆ. ಬೆಂಗಳೂರಿಗೆ ಮಾರ್ಚ್‌ನಲ್ಲಿ ಗೊತ್ತಾಗಿ ಆಗುವುದೇನು?

ಮರುವರ್ಷ ಇನ್ನೂ ಚೆಂದ. 2024ರ ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು. 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ. ನಾಳೆ ಪರೀಕ್ಷೆ ಇದೆಯಾ ಇಲ್ಲವಾ ಎಂದು ಹತ್ತು ವರ್ಷದ ಮಕ್ಕಳು ಟಿವಿ ಮುಂದೆ ಕೂತು ಕೇಳಿದ ತಿಂಗಳು ಅದು. ಆ ಮಕ್ಕಳಾದರೋ ನಲಿ-ಕಲಿಯ ಎರಡನೇ ತರಗತಿಯನ್ನು ಪೂರ್ತಿ ಮನೆಯಲ್ಲೇ ಕಳೆದವರು.

‘ಪರೀಕ್ಷೆಯ ಭಯ ಇಲ್ಲದಿದ್ದರೆ ಯಾರು ಓದ್ತಾರೆ? ಎಲ್ಲರನ್ನೂ ಪಾಸು ಮಾಡಿದ್ದಕ್ಕೇ ಎಂಟನೇ ಕ್ಲಾಸಿನವರಿಗೂ ನೆಟ್ಟಗೆ ಓದಕ್ಕೆ ಬರಲ್ಲ’ ಎನ್ನುವ ಮಾತು ನಮಗೆ ಗೊತ್ತು. ನಮ್ಮ ಮನೆಗಳಲ್ಲೇ ಈ ಮಾತು ಇದೆ. ಇದರಲ್ಲಿ ಅರ್ಧ ಸತ್ಯವಿದೆ. ಎಂಟನೇ ತರಗತಿಗೆ ಬಂದರೂ ಓದಲಾರದ ಮಕ್ಕಳನ್ನು ನಾವೂ ಕಂಡಿದ್ದೇವೆ. ಆದರೆ ಅದು ಮಗುವನ್ನು ಅದರ ವೇಗಕ್ಕೆ ಬಿಟ್ಟಿದ್ದರಿಂದ ಆದದ್ದಲ್ಲ. ಮಗುವನ್ನು ಸುಮ್ಮನೆ ಬಿಟ್ಟಿದ್ದರಿಂದ ಆದದ್ದು. ಎರಡೂ ಒಂದೇ ಅಲ್ಲ. ಗಿಡ ಅದರ ಪಾಡಿಗೆ ಬೆಳೆಯಲಿ ಎಂದು ರೈತ ನೀರು ನಿಲ್ಲಿಸುವುದಿಲ್ಲ. ದಿನಾ ಹೋಗಿ ನೋಡುತ್ತಾನೆ. ಆದರೆ ಸಸಿಯನ್ನು ಹಿಡಿದು ಮೇಲಕ್ಕೆ ಎಳೆಯುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯನ್ನು ಬಯ್ಯುವವರು ಅದನ್ನು ಪೂರ್ತಿ ಓದಿಲ್ಲ. ಫೇಲ್ ಮಾಡಬಾರದು ಎಂದ ಅದರ 16ನೇ ಸೆಕ್ಷನ್ ಎಲ್ಲರ ಬಾಯಲ್ಲಿದೆ. ಅದೇ ಕಾಯ್ದೆಯ 24ನೇ ಸೆಕ್ಷನ್, ಪ್ರತಿ ಮಗುವಿನ ಕಲಿಯುವ ಶಕ್ತಿ ನೋಡಿ ಬೇಕಾದವರಿಗೆ ಹೆಚ್ಚು ಪಾಠ ಮಾಡುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಮೊದಲನೆಯದಕ್ಕೆ ಖರ್ಚಿಲ್ಲ, ಒಂದು ಸುತ್ತೋಲೆ ಸಾಕು. ಎರಡನೆಯದಕ್ಕೆ ಶಿಕ್ಷಕರು ಬೇಕು, ಸಮಯ ಬೇಕು. ಹಾಗಾಗಿ ಖರ್ಚಿಲ್ಲದ್ದನ್ನು ಜಾರಿ ಮಾಡಿ, ಖರ್ಚಿನದ್ದನ್ನು ಮರೆತು, ಈಗ ಕಾಯ್ದೆಯೇ ಸರಿಯಿಲ್ಲ ಎನ್ನುತ್ತಿದ್ದಾರೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಮಕ್ಕಳನ್ನು ಅಲ್ಲೇ ಉಳಿಸುವ ಅಧಿಕಾರವನ್ನು ರಾಜ್ಯಗಳ ಕೈಗೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ತನ್ನ ಶಾಲೆಗಳಿಗೆ ಅದನ್ನು ನಿಯಮವಾಗಿಯೇ ತಂದಿತು.

ಫೇಲ್ ಆದರೆ ಏನಾಗುತ್ತದೆ ಎಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಇತ್ತು. ಫೇಲಾದವರು ಮತ್ತೆ ಓದಿ ಪಾಸಾದ ಕತೆಗಳು ನಮ್ಮ ಊರುಗಳಲ್ಲಿ ಕಡಿಮೆ. ಗ್ಯಾರೇಜಿಗೆ ಹೋದವರು, ಹೋಟೆಲಿಗೆ ಹೋದವರು, ದನದ ಹಿಂದೆ ಹೋದವರ ಕತೆಗಳು ಬೀದಿಗೊಂದು. ಇನ್ನು ಎಂಟನೇ ತರಗತಿಯಲ್ಲಿ ಫೇಲಾದ ಹುಡುಗಿಯನ್ನು ಮತ್ತೆ ಅದೇ ಬೆಂಚಿಗೆ ಕಳಿಸುವ ಮನೆಗಳೆಷ್ಟು, ಗಂಡು ನೋಡಲು ಶುರು ಮಾಡುವ ಮನೆಗಳೆಷ್ಟು? ಭಯ ಹುಟ್ಟಿಸಿದರೆ ಓದುತ್ತಾರೆ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳದೆ ಈ ಮಾತು ಮುಗಿಸುವಂತಿಲ್ಲ. ಎಸ್ಎಸ್ಎಲ್‌ಸಿ ಫಲಿತಾಂಶದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂದು ದಪ್ಪ ಅಕ್ಷರದಲ್ಲಿ ಹೆಡ್ಡಿಂಗ್ ಕೊಡುವವರು ನಾವೇ. ಆ ಪಟ್ಟಿಯ ಒತ್ತಡ ಜಿಲ್ಲೆಯಿಂದ ಬಿಇಒಗೆ, ಬಿಇಒಯಿಂದ ಮುಖ್ಯಶಿಕ್ಷಕರಿಗೆ, ಅಲ್ಲಿಂದ ಕೊನೆಯ ಬೆಂಚಿನ ಮಗುವಿನ ಬೆನ್ನಿಗೆ ಇಳಿಯುತ್ತದೆ ಎಂದು ಗೊತ್ತಿದ್ದೂ ಬರೆದಿದ್ದೇವೆ. ನಾಲ್ಕು ವರ್ಷದ ಮಗು ರಾಜಧಾನಿಗಳ ಹೆಸರು ಪಟಪಟ ಹೇಳಿದರೆ ‘ಬಾಲಪ್ರತಿಭೆ’ ಎಂದು ಫೋಟೊ ಹಾಕಿದ್ದೇವೆ. ಏಳನೇ ವರ್ಷದಲ್ಲಿ ಮೊದಲ ಸಲ ತಾನಾಗಿ ಒಂದು ವಾಕ್ಯ ಓದಿದ ಮಗುವಿನ ಸುದ್ದಿ ಯಾವತ್ತೂ ಬರೆದಿಲ್ಲ. ಅದೂ ಸುದ್ದಿಯೇ. ಇನ್ನು ಮುಂದೆ ಬರೆಯುತ್ತೇವೆ.

ನಾವು ಕೇಳುತ್ತಿರುವುದು ಆಕಾಶದಿಂದ ತರಬೇಕಾದ್ದಲ್ಲ. ನಲಿ-ಕಲಿ ಕೋಣೆಗೆ ಬೇರೆ ಕೆಲಸವಿಲ್ಲದ ಟೀಚರ್ ಕೊಡಿ. ಏಣಿಯನ್ನು ಮೂರಕ್ಕೆ ನಿಲ್ಲಿಸದೆ ಐದರವರೆಗೆ ಒಯ್ಯಿರಿ. ಎಂಟನೇ ತರಗತಿ ಮುಗಿಯುವ ತನಕ ಮಂಡಳಿಯನ್ನು ಮಕ್ಕಳ ತಂಟೆಗೆ ಬಿಡಬೇಡಿ. ಆರು ವರ್ಷ ಎಂದ ಮೇಲೆ ಆರು ವರ್ಷವೇ ಇರಲಿ, ಪ್ರತಿ ಬೇಸಿಗೆಗೂ ಚೌಕಾಸಿ ಬೇಡ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಪಕ್ಕದ ಮನೆಯ ಹುಡುಗಿ ಆಗಲೇ ಮಗ್ಗಿ ಹೇಳುತ್ತಾಳೆ ಎಂದು ನಿಮ್ಮ ಮಗುವಿನ ತೊಡೆ ಚಿವುಟಬೇಡಿ. ಅದು ಯಾವಾಗ ನಡೆಯಿತು, ಯಾವಾಗ ಹಲ್ಲು ಬಂತು ಎಂದು ಈಗ ಯಾರೂ ನಿಮ್ಮನ್ನು ಕೇಳುವುದಿಲ್ಲ. ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನಾಲ್ಕು ತಿಂಗಳಿಗೆ ನಡೆದ ಮಗುವೂ ಇವತ್ತು ಒಂದೇ ಬಯಲಿನಲ್ಲಿ ಓಡುತ್ತಿವೆ. ಓದುವುದಕ್ಕೂ ಅಷ್ಟೇ ಸಮಯ ಕೊಡಿ. ಆದರೆ ಜೊತೆಗಿರಿ.