ಬಲೆಯ ಕಣ್ಣಿಗೆ ಮೀನಿನ ವಯಸ್ಸು ಗೊತ್ತಿಲ್ಲ

ಗಣೇಶ ಹಬ್ಬ ಮುಗಿದ ವಾರ ಊರಿಗೆ ಹೋಗಿದ್ದೆ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಬೆಳಿಗ್ಗೆ ಮೀನಿನ ಗಾಡಿ ಹಾರ್ನ್ ಹೊಡೆದದ್ದೇ ತಡ, ಅಮ್ಮ ಪಾತ್ರೆ ಹಿಡಿದು ಹೊರಟಳು. ಹಿಂದೆ ನಾನೂ ಹೋದೆ. ಐಸಿನ ಮಧ್ಯೆ ಬಂಗುಡೆ, ಪಕ್ಕದಲ್ಲಿ ಕೆಂಪಗಿನ ರಾಣಿ ಮೀನು, ಮೂಲೆಯಲ್ಲಿ ಅಂಗೈಗಿಂತ ಚಿಕ್ಕದಾದ ಮಾಂಜಿ ಮರಿಗಳ ರಾಶಿ.

"ಇದು ಕಮ್ಮಿ ರೇಟು, ತಗೊಳ್ಳಿ ಅಕ್ಕಾ," ಅಂದರು ಗಾಡಿಯವರು.

"ಇಷ್ಟು ಸಣ್ಣದ್ದನ್ನ ಯಾಕಣ್ಣ ಹಿಡೀತಾರೆ?" ಅಂತ ಕೇಳಿಯೇ ಬಿಟ್ಟೆ.

"ಮರಿ ಬೇಕು ಅಂತ ಯಾರು ಹಿಡೀತಾರೆ ಮಾರಾಯ್ರೆ? ಬಲೇಲಿ ಉಳಿಯುತ್ತೆ, ಅಷ್ಟೇ."

ಅವರು ನಗುತ್ತಾ ಹೇಳಿದ್ದು ನಿಜ. ಯಾವುದು ಉಳಿಯಬೇಕು, ಯಾವುದು ಪಾರಾಗಬೇಕು ಅನ್ನೋದನ್ನ ಬಹುಪಾಲು ತೀರ್ಮಾನಿಸುವುದು ಎರಡು ಸಂಗತಿ: ಬಲೆಯ ಕಣ್ಣು, ಮೀನಿನ ಮೈಕಟ್ಟು.

ನನಗೆ ಅಜ್ಜನ ಕೂಣಿ ನೆನಪಾಯಿತು. ಮಲೆನಾಡಿನವರಿಗೆ ಹೇಳಬೇಕಿಲ್ಲ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತು ಮೀನು ಬರುವಾಗ ನೀರಿನ ದಾರಿಗೆ ಇಡುವ ಬಿದಿರಿನ ಸಾಧನ ಅದು. ಅಜ್ಜ ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತಿದ್ದ. ಚಪ್ಪಟೆ ಮೈಯ ಸಣ್ಣ ಮೀನು ಆ ಸಂದಿಯಲ್ಲಿ ಜಾರಿ ಹೋಗುತ್ತಿತ್ತು. ಅದರಷ್ಟೇ ಉದ್ದದ ದುಂಡು ಮೈಯ ಮೀನು ಒಳಗೇ ಉಳಿಯುತ್ತಿತ್ತು. ಉದ್ದ ಒಂದೇ, ಆಕಾರ ಬೇರೆ, ಹಣೆಬರಹವೂ ಬೇರೆ.

ಸಮುದ್ರದ ಟ್ರಾಲ್ ಬಲೆಯಲ್ಲೂ ಇದೇ ಲೆಕ್ಕ. ಬೋಟು ಎಳೆದುಕೊಂಡು ಹೋಗುವ ಆ ದೊಡ್ಡ ಬಲೆಯ ಕೊನೆಗೆ ಒಂದು ಚೀಲ ಇರುತ್ತದೆ. ಮೀನೆಲ್ಲ ಬಂದು ಸೇರುವುದು ಅಲ್ಲಿಗೇ. ಮರಿಗಳು ತಪ್ಪಿಸಿಕೊಳ್ಳಬೇಕಾದದ್ದೂ ಹೆಚ್ಚಾಗಿ ಅದರ ಕಣ್ಣುಗಳಿಂದಲೇ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. 7 ಸೆಂ.ಮೀ. ಸುತ್ತಳತೆಯ ದಾರದ ಕುಣಿಕೆ ಮಾಡಿ, ಎರಡು ತುದಿ ಹಿಡಿದು ಎಳೆಯಿರಿ. 35 ಮಿ.ಮೀ. ಉದ್ದದ ಸೀಳಾಗುತ್ತದೆ. ಬಲೆಯ ಕಣ್ಣನ್ನು ಅಳೆಯುವುದು ಹೀಗೆ ಎಳೆದೇ. ಈಗ ಅದೇ ಕುಣಿಕೆಯನ್ನು ನಾಲ್ಕು ಮೂಲೆಯಿಂದ ಹಿಗ್ಗಿಸಿ. ಬದಿಗೆ 17.5 ಮಿ.ಮೀ. ಇರುವ ಚೌಕ ಸಿಗುತ್ತದೆ. ದಾರ ಅಷ್ಟೇ, ಬಾಗಿಲು ಮಾತ್ರ ಬೇರೆ.

ಸಾಮಾನ್ಯ ಬಲೆಯ ಕಣ್ಣು ಡೈಮಂಡ್ ಆಕಾರದ್ದು. ಚೀಲದಲ್ಲಿ ಮೀನು ತುಂಬಿ ಭಾರ ಜಗ್ಗಿದಂತೆ ಹೆಚ್ಚಿನ ಕಣ್ಣುಗಳು ಸೀಳಿನ ಹಾಗೆ ಮುಚ್ಚಿಕೊಳ್ಳುತ್ತವೆ. ದುಂಡು ಮೈಯ ಮರಿಗೆ ದಾರಿ ಬಂದ್. ಚೌಕ ಕಣ್ಣಿನ ಚೀಲ ಎಳೆದರೂ ತೆರೆದೇ ಇರುತ್ತದೆ. ಅದಕ್ಕೇ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಚೌಕ ಕಣ್ಣಿನ ಚೀಲ ಬಳಸಿ ಅಂತ ಹೇಳುತ್ತಾ ಬಂದಿದೆ. ರಾಣಿ ಮೀನಿನಂಥ ದುಂಡು ಮೈಯ ಮರಿಗಳಿಗೆ ಇದರಿಂದ ಜೀವ ಉಳಿಯುತ್ತದೆ.

ಹಾಗಾದರೆ ಸಮಸ್ಯೆ ಮುಗೀತಾ? ಇಲ್ಲ. ಮಾಂಜಿ ನೋಡಿ. ಮೈ ತೆಳ್ಳಗೆ, ಆದರೆ ತಟ್ಟೆಯ ಹಾಗೆ ಅಗಲ. ಆ ಚೌಕದ ಮೂಲೆಯಿಂದ ಮೂಲೆಗೆ ಸುಮಾರು 25 ಮಿ.ಮೀ. ಮಾತ್ರ. ಅದಕ್ಕಿಂತ ಅಗಲದ ಮಾಂಜಿ ಮರಿ ಅಲ್ಲೇ ಬಾಕಿ. ನಂಗು ಮೀನಿನಂಥ ಚಪ್ಪಟೆ ಮೈಗೆ ಚೌಕಕ್ಕಿಂತ ಅರೆತೆರೆದ ಡೈಮಂಡ್ ಕಣ್ಣೇ ಅನುಕೂಲ. ಹಗ್ಗದಂಥ ಪಾಂಬೋಲ್ ಮೊಳದುದ್ದ ಬೆಳೆದರೂ ಸಪೂರ. ನಮ್ಮ ಅರಬ್ಬಿ ಸಮುದ್ರದಲ್ಲಿ ಇವೆಲ್ಲ ಒಂದೇ ಬಲೆಗೆ ಬರುತ್ತವೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ಹೇಗೆ?

ಹಾಗಾಗಿ ಬಲೆಯ ಜೊತೆಗೆ ಮೀನಿಗೂ ಅಳತೆ ಬೇಕಾಯಿತು. ಕೇರಳ ಸರ್ಕಾರ 2015ರಿಂದ ಮೀನುಗಳಿಗೆ ಕನಿಷ್ಠ ಉದ್ದ ನಿಗದಿ ಮಾಡಿದೆ. ತಾರ್ಲೆಗೆ 10 ಸೆಂ.ಮೀ., ಬಂಗುಡೆಗೆ 14, ಪಾಂಬೋಲ್‌ಗೆ 46. ಒಂದೊಂದು ಜಾತಿಗೆ ಒಂದೊಂದು ಲೆಕ್ಕ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿ, "ಮರಿ ಮೀನು ತಗೋಬೇಡ" ಅಂದೆ. ಅಮ್ಮ ಅರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಈಗ ಹೇಳ್ತೀಯ ಮಗಾ. ನಿನ್ನ ಫೀಸು ಕಟ್ಟೋ ವರ್ಷ ದೊಡ್ಡ ಮೀನು ತರೋಕೆ ದುಡ್ಡೆಲ್ಲಿತ್ತು? ಈ ಸಣ್ಣದ್ದೇ ಸಾರು ಮಾಡಿ ಬಡಿಸಿದ್ದು. ನಿಮ್ಮಜ್ಜನ ಕೂಣೀಲಿ ಬಿದ್ದಿದ್ದೂ ಮೊಟ್ಟೆ ತುಂಬಿದ ಮೀನೇ. ಚಪ್ಪರಿಸಿ ತಿಂದಿದ್ದು ಯಾರು?"

ಉತ್ತರ ಇರಲಿಲ್ಲ. ಹತ್ತು ಮೀನು ಮೇಲೇರುವುದೇ ಮೊಟ್ಟೆ ಇಡಲಿಕ್ಕೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಡದಲ್ಲಿ ನಿಲ್ಲುವುದೂ ಮೀನು ಮರಿ ಮಾಡಲಿ ಅಂತಲೇ. ಅದೇ ಹೊತ್ತಿಗೆ ಘಟ್ಟದ ಮೇಲೆ ನಾವು ಕೂಣಿ ಇಟ್ಟು ಕಾಯುತ್ತಿದ್ದೆವು. ಬೋಟಿನವರಿಗಷ್ಟೇ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಆದರೂ ಗಾಡಿಯ ಮುಂದೆ ನಿಂತಾಗ ನಮ್ಮ ಕೈಯಲ್ಲೂ ಒಂದು ಬಲೆ ಇರುತ್ತದೆ. ಮಲ್ಪೆಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿಗೆ, ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಸಾಗರಕ್ಕೆ ಮೀನು ಬರುವುದು ನಾವು ಕೊಳ್ಳುತ್ತೇವೆ ಅಂತ. ನಾವು ಬೇಡ ಅಂದದ್ದಕ್ಕೆ ನಿಧಾನವಾಗಿಯಾದರೂ ರೇಟು ಇಳಿಯುತ್ತದೆ.

ಸುಲಭದ ಅಳತೆ ಬೇಕಾ? ನಿಮ್ಮ ಕೈಲಿರುವ ಫೋನು ಹೆಚ್ಚುಕಮ್ಮಿ 15–16 ಸೆಂ.ಮೀ. ಉದ್ದ. ಮೂತಿಯಿಂದ ಬಾಲದ ತುದಿಯವರೆಗೆ ಅದಕ್ಕಿಂತ ಸಾಕಷ್ಟು ಗಿಡ್ಡ ಇರುವ ಬಂಗುಡೆ ಇನ್ನೂ ಮರಿ, ಬಿಡಿ. ಹಾಗಂತ ಸಣ್ಣ ಮೀನೆಲ್ಲ ಮರಿಯಲ್ಲ. ನೆತ್ತಲಿ ಬೆಳೆದರೂ ಬೆರಳಷ್ಟೇ. ತಾರ್ಲೆಯೂ ಗಿಡ್ಡ ಜಾತಿಯೇ. ಅಗ್ಗದ ಸಾರಿಗೆ ಇವು ಧಾರಾಳ.

ಮರುದಿನ ಗಾಡಿ ಬಂದಾಗ ಅಮ್ಮ ನನ್ನನ್ನು ಕೂಗಿದಳು: "ಮಗಾ, ಬರುವಾಗ ನಿನ್ನ ಫೋನ್ ತಗೊಂಡು ಬಾ."