ಹತ್ತು ಜನರ ಕಂಪ್ಯೂಟರಿಗೆ ಒಂದೇ ಲಾಗಿನ್ ಸಲ್ಲದು

ಶಾಲೆಯ ಲ್ಯಾಬ್, ಗ್ರಂಥಾಲಯ, ಸಣ್ಣ ಕಚೇರಿಗಳಲ್ಲಿ ಹತ್ತಾರು ಜನ ಬಳಸುವ ಲಿನಕ್ಸ್ ಕಂಪ್ಯೂಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಪದ್ಧತಿಯನ್ನು ಕೈಬಿಡಬೇಕು. ಮೊದಲು ಕೂತವರ ಮೇಲ್, ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್, ಅರ್ಧ ತುಂಬಿದ ಅರ್ಜಿ ಎಲ್ಲವೂ ಆಮೇಲೆ ಬಂದವರ ಕೈಗೆ ಸಿಗುತ್ತವೆ. 1991ರಲ್ಲಿ ಬಂದ ಲಿನಕ್ಸ್ ಅನುಸರಿಸಿದ್ದು ಯುನಿಕ್ಸನ್ನು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆದ ವ್ಯವಸ್ಥೆ ಅದು. ಪ್ರತಿಯೊಬ್ಬರಿಗೂ ಬೇರೆ ಖಾತೆ ಕೊಡುವುದು ಅದರ ಹುಟ್ಟುಗುಣ.

ಖಾತೆಗಳು ಬೇರೆಯಾದರೆ ಕಡತಗಳಷ್ಟೇ ಅಲ್ಲ, ಕ್ಯಾಮೆರಾ, ಮೈಕುಗಳೂ ಕಾಪಾಡಲ್ಪಡುತ್ತವೆ. ಹಿಂದೆ ಬಳಕೆದಾರರನ್ನು ‘ಆಡಿಯೊ’, ‘ವಿಡಿಯೊ’ ಗುಂಪುಗಳಿಗೆ ಸೇರಿಸುವ ರೂಢಿಯಿತ್ತು. ಹಾಗೆ ಸೇರಿದವರು ನೆಟ್‌ವರ್ಕ್ ಮೂಲಕ ಒಳಬಂದರೂ ಎದುರು ಕೂತವರ ಮಾತನ್ನು ಮೈಕಿನಲ್ಲಿ ಕೇಳಿಸಿಕೊಳ್ಳಬಹುದಿತ್ತು. ಈಗ ಲಿನಕ್ಸಿನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯ ಲಾಗಿನ್‌ಡಿ ಎಂಬ ಸೇವೆ ಯಾರ ಸೆಷನ್ ಪರದೆಯ ಮೇಲಿದೆ ಎಂಬುದನ್ನು ಗಮನಿಸುತ್ತಿರುತ್ತದೆ. ಸಾಧನದ ಅನುಮತಿಯನ್ನು ಅವರಿಗೆ ಕೊಟ್ಟು, ಹಿನ್ನೆಲೆಗೆ ಸರಿದವರಿಂದ ಹಿಂಪಡೆಯುತ್ತದೆ. ಆದರೆ ಆಗಲೇ ತೆರೆದಿಟ್ಟ ಸಾಧನವನ್ನು ಅನುಮತಿಯ ಈ ಬದಲಾವಣೆಯೊಂದೇ ಮುಚ್ಚಿಸಲಾರದು. ಹಾಗಾಗಿಯೇ ಕೆಲಸ ಮುಗಿದವರು ‘ಸ್ವಿಚ್ ಯೂಸರ್’ ಒತ್ತಿ ಎದ್ದು ಹೋಗದೆ ಪೂರ್ತಿ ಲಾಗೌಟ್ ಆಗಬೇಕು.

ಹಲವರು ಒಟ್ಟಿಗೆ ಲಾಗಿನ್ ಆಗಿದ್ದರೆ ಕಂಪ್ಯೂಟರ್ ತಿಣುಕುತ್ತದೆ, ಪರದೆ ಸ್ತಬ್ಧವಾದರೆ ದಾರಿಯೇ ಇಲ್ಲ ಎಂಬ ಆಕ್ಷೇಪವಿದೆ. ಮೊದಲ ಮಾತು ನಿಜ. ನಾಲ್ಕು ಜಿಬಿ ರ್‍ಯಾಮ್‌ನಲ್ಲಿ ಮೂವರ ಬ್ರೌಸರ್‌ಗಳು ನೆಮ್ಮದಿಯಾಗಿ ಓಡವು. ಎರಡನೆಯದನ್ನು ಒಪ್ಪಲಾಗದು. ಕಂಟ್ರೋಲ್, ಆಲ್ಟ್ ಜೊತೆಗೆ ಎಫ್3 ಒತ್ತಿದರೆ ಸಾಮಾನ್ಯವಾಗಿ ಕಪ್ಪು ಪರದೆಯ ವರ್ಚುವಲ್ ಟರ್ಮಿನಲ್ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ‘ಲಾಗಿನ್‌ಸಿಟಿಎಲ್’ ಆದೇಶ ಕೊಟ್ಟರೆ ಯಾರ್‍ಯಾರ ಸೆಷನ್ ನಡೆಯುತ್ತಿದೆ ಎಂಬ ಪಟ್ಟಿ ಬರುತ್ತದೆ, ಕೆಟ್ಟು ನಿಂತದ್ದನ್ನಷ್ಟೇ ಮುಗಿಸಬಹುದು. ಪವರ್ ಬಟನ್ ಅದುಮಿ ಹಿಡಿದರೆ ಉಳಿದವರು ಸೇವ್ ಮಾಡದ ಕೆಲಸವೂ ಹೋಗುತ್ತದೆ. ಲ್ಯಾಬ್ ನೋಡಿಕೊಳ್ಳುವವರಿಗೆ ಇದನ್ನು ಕಲಿಸಲು ಅರ್ಧ ಗಂಟೆ ಸಾಕು.

ಲಾಗೌಟ್ ಆದವರ ಪ್ರೋಗ್ರಾಂಗಳನ್ನೆಲ್ಲ ಕೊಲ್ಲಬೇಕೆ ಎಂಬ ಪ್ರಶ್ನೆ 2016ರಲ್ಲಿ ದೊಡ್ಡ ಜಗಳವೇ ಆಯಿತು. ಸಿಸ್ಟಮ್‌ಡಿಯ 230ನೇ ಆವೃತ್ತಿ ಹಾಗೆ ಕೊಲ್ಲುವುದನ್ನೇ ಮೂಲ ನಿಯಮ ಮಾಡಿತು. ಟಿಮಕ್ಸ್, ಸ್ಕ್ರೀನ್ ಎಂಬ ಪ್ರೋಗ್ರಾಂಗಳನ್ನು ಬಳಸಿ ಗಂಟೆಗಟ್ಟಲೆ ಲೆಕ್ಕ ಓಡಲು ಬಿಟ್ಟು ಹೋಗುತ್ತಿದ್ದವರ ಕೆಲಸ ಕೆಟ್ಟಿತು. ಲಿನಕ್ಸಿನ ವಿತರಣೆಗಳಲ್ಲೊಂದಾದ ಡೆಬಿಯನ್ ಆ ನಿಯಮವನ್ನು ತನ್ನಲ್ಲಿ ಆಫ್ ಮಾಡಿತು. ಸರ್ವರ್‌ಗಳ ಮಟ್ಟಿಗೆ ಡೆಬಿಯನ್ ನಿಲುವು ಸರಿ. ಮಕ್ಕಳು ಸರದಿಯ ಮೇಲೆ ಕೂರುವ ಲ್ಯಾಬ್‌ನಲ್ಲಿ ಮಾತ್ರ ಆ ಸ್ವಿಚ್ ಆನ್ ಇರಲಿ. ರಾತ್ರಿಯಿಡೀ ಓಡಬೇಕಾದ ಕೆಲಸವಿರುವ ಶಿಕ್ಷಕರಿಗೆ, ಲಾಗೌಟ್ ಆದ ಮೇಲೂ ಕೆಲಸ ಓಡಲು ಬಿಡುವ ‘ಲಿಂಗರ್’ ಅನುಮತಿಯನ್ನು ಬೇರೆಯಾಗಿ ಕೊಡಬಹುದು.