ಸ್ವಯಂಸೇವೆಯೂ ವೃತ್ತಿಶಿಕ್ಷಣವೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸುಶಿಕ್ಷಿತ ಮನೆತನಗಳಲ್ಲಿ ಈಚೆಗೆ ಒಂದು ಅಭಿಪ್ರಾಯವು ಗಟ್ಟಿಯಾಗಿ ಬೇರೂರಿದೆ. ಊರ ಕೆಲಸವೆಂಬುದು ಉದ್ಯೋಗವಿಲ್ಲದವರ ಕಾಲಹರಣ. ಓದುವ ಮಕ್ಕಳು ಅದರ ಗೊಡವೆಗೆ ಹೋಗಬಾರದು. ಮೊದಲು ಪರೀಕ್ಷೆ, ಬಳಿಕ ನೌಕರಿ, ಆ ಮೇಲೆ ಮನೆ ಕಟ್ಟುವದು. ಇಷ್ಟೆಲ್ಲ ಆಗಿ ಆಯುಷ್ಯವು ಮಿಕ್ಕರೆ ಸಮಾಜಸೇವೆ. ಇದೇ ಆ ಅಭಿಪ್ರಾಯದ ಸಾರ. ಮಗನು ವಾಚನಾಲಯದ ವಾರ್ಷಿಕೋತ್ಸವಕ್ಕಾಗಿ ಎರಡು ದಿನ ದುಡಿದರೆ, “ಮನೆಯ ಕಡೆಗೆ ಲಕ್ಷ್ಯವಿಲ್ಲ, ಊರ ಉಸಾಬರಿ ನಿನಗೇಕೆ?” ಎಂದು ತಂದೆಯು ಗದರಿಸುವನು. ಅದೇ ತಂದೆಯು ಕೆಲವು ವರ್ಷಗಳಾದ ಮೇಲೆ, ಮಗನಿಗೆ ಪದವಿಯಿದ್ದರೂ ಮುಲಾಖತ್ತಿನಲ್ಲಿ ಬಾಯಿಂದ ನಾಲ್ಕು ಮಾತು ಹೊರಡಲಿಲ್ಲವೆಂದು ವ್ಯಥೆಪಡುವನು. ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವಿದೆಯೆಂಬುದನ್ನು ಮಾತ್ರ ಅವನು ಕಾಣಲೊಲ್ಲನು. ಅದನ್ನು ತೋರಿಸುವದೇ ಈ ಲೇಖನದ ಉದ್ದೇಶ.

ತಂದೆತಾಯಿಗಳ ಆತಂಕವು ನಿರಾಧಾರವಾದದ್ದೆಂದು ನಾವು ಹೇಳುವದಿಲ್ಲ. ಒಕ್ಕಲುತನವು ಮಳೆಗೂ ಕಬ್ಬಿನ ಬಿಲ್ಲಿಗೂ ದಾರಿ ನೋಡುತ್ತ ನಿಂತಿರುವ ಈ ಸೀಮೆಯಲ್ಲಿ ಒಂದು ನೌಕರಿಯೆಂದರೆ ಒಂದು ಕುಟುಂಬದ ಉದ್ಧಾರವೇ ಸರಿ. ಆದರೆ ನೌಕರಿಗೆ ಬೇಕಾದ ಗುಣಗಳು ಎಲ್ಲಿ ಹುಟ್ಟುತ್ತವೆಂಬುದನ್ನು ವಿಚಾರಿಸಬೇಕಲ್ಲವೆ? ಪುಸ್ತಕವು ವಿಷಯವನ್ನು ಕಲಿಸುವದು. ಪರೀಕ್ಷೆಯು ನೆನಪನ್ನು ಅಳೆಯುವದು. ಹತ್ತು ಜನರನ್ನು ಒಂದು ಕೆಲಸಕ್ಕೆ ಕೂಡಿಸುವದು, ಒಪ್ಪದವನನ್ನು ಒಪ್ಪಿಸುವದು, ಪರರ ಹಣಕ್ಕೆ ಪೈಪೈಯ ಲೆಕ್ಕವನ್ನಿಡುವದು, ಕೊಟ್ಟ ವೇಳೆಗೆ ಸರಿಯಾಗಿ ಬಂದು ನಿಲ್ಲುವದು, ಕೆಲಸವು ಕೆಟ್ಟಾಗ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕದಿರುವದು, ಇವು ಯಾವ ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲಿಯೂ ಇಲ್ಲ. ನೀರಿಗಿಳಿಯದೆ ಈಜು ಬಾರದು. ಜನರಲ್ಲಿ ಇಳಿಯದೆ ಈ ವಿದ್ಯೆಯು ಬಾರದು.

ಇದಕ್ಕೆ ದೃಷ್ಟಾಂತವನ್ನು ಪರದೇಶದಿಂದ ತರಬೇಕಾಗಿಲ್ಲ. ನಮ್ಮ ಸೀಮೆಯ ಘಟಪ್ರಭಾ ಊರಿನೊಡನೆ ಹೆಸರು ಕೂಡಿಕೊಂಡಿರುವ ಡಾ. ನಾರಾಯಣ ಸುಬ್ಬರಾವ ಹರ್ಡೀಕರರ ಜೀವನವೇ ಸಾಕು. ಅವರು ವೈದ್ಯವಿದ್ಯೆಯನ್ನು ಕಲಿತು, ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸಮಾಡಿ, 1921ರಲ್ಲಿ ಸ್ವದೇಶಕ್ಕೆ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿದರು. 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹಕ್ಕೆ ಹೋದ ಅನೇಕರು ಸೆರೆಮನೆಯ ಕಷ್ಟವನ್ನು ತಾಳಲಾರದೆ ಕ್ಷಮಾಪತ್ರವನ್ನು ಬರೆದುಕೊಟ್ಟು ಹೊರಬಿದ್ದಾಗ, ಹುಬ್ಬಳ್ಳಿಯ ಸೇವಾಮಂಡಲದವರು ಕದಲಲಿಲ್ಲ. ಅವರಿಗೂ ಇತರರಿಗೂ ದೇಶಭಕ್ತಿಯಲ್ಲಿ ಭೇದವಿದ್ದಿತೆ? ಇರಲಿಲ್ಲ. ಭೇದವಿದ್ದದ್ದು ತಾಲೀಮಿನಲ್ಲಿ. ಉತ್ಸಾಹವು ಎಲ್ಲರಲ್ಲಿಯೂ ಇತ್ತು. ಶಿಸ್ತು ಇವರಲ್ಲಿ ಮಾತ್ರ ಇತ್ತು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹಿಂದುಸ್ತಾನಿ ಸೇವಾದಲವು ಜನ್ಮತಾಳುವದಕ್ಕೆ ಈ ಅನುಭವವೇ ಮೂಲವಾಯಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಸ್ವಯಂಸೇವಕರಿಗೆ ಶಿಕ್ಷಣವನ್ನು ಕೊಡಬೇಕೆಂಬ ಈ ವಿಚಾರಕ್ಕೆ ಕಾಂಗ್ರೆಸ್ಸಿನ ದೊಡ್ಡ ಮುಂದಾಳುಗಳಲ್ಲಿಯೇ ಬಲವಾದ ವಿರೋಧವಿದ್ದಿತೆಂಬುದನ್ನು ಜವಾಹರಲಾಲ ನೆಹರೂ ಅವರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ಹೇಳಿದ್ದನ್ನು ಕೇಳಿದರೆ ಸಾಕು, ಸ್ವಯಂಸೇವಕನಿಗೆ ಬೇರೆ ಶಿಕ್ಷಣವೇತಕ್ಕೆ ಎಂಬುದು ಆ ವಿರೋಧದ ಒಂದು ಧಾಟಿ. ನೂರು ವರ್ಷಗಳು ಕಳೆದರೂ ಆ ಧಾಟಿಯು ನಮ್ಮ ಸಂಘಸಂಸ್ಥೆಗಳನ್ನು ಬಿಟ್ಟುಹೋಗಿಲ್ಲವೆಂಬುದನ್ನು ಮುಂದೆ ತೋರಿಸುವೆವು.

1924ರ ಡಿಸೆಂಬರಿನಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನೆರೆಯಿತು. ಗಂಗಾಧರರಾವ ದೇಶಪಾಂಡೆಯವರು ಸ್ವಾಗತದ ಹೊಣೆಯನ್ನು ಹೊತ್ತರು. ಹರ್ಡೀಕರರು ಸ್ವಯಂಸೇವಕರನ್ನು ಅಣಿಗೊಳಿಸಿದರು. ‘ವಿಜಯನಗರ’ವೆಂಬ ಹೆಸರಿನ ತಾತ್ಪೂರ್ತಿಕ ಪಟ್ಟಣವೊಂದು ಬಯಲಿನಲ್ಲಿ ಎದ್ದಿತು, ಕುಡಿಯುವ ನೀರಿಗೆ ಹೊಸದಾಗಿ ಬಾವಿಯನ್ನು ತೋಡಲಾಯಿತು, ಆ ಬಾವಿಯನ್ನು ಬೆಳಗಾವಿಯಲ್ಲಿ ಇಂದಿಗೂ ಕಾಣಬಹುದು. ನೀರು, ಊಟ, ವಸತಿ, ನೈರ್ಮಲ್ಯ, ಜನಸಂದಣಿಯ ನಿಯಂತ್ರಣ, ಇಷ್ಟನ್ನೂ ನಿಭಾಯಿಸುವಲ್ಲಿ ಒಬ್ಬ ತರುಣನು ಕೆಲವೇ ದಿನಗಳಲ್ಲಿ ಏನೇನು ಕಲಿತಿರಬೇಕೆಂಬುದನ್ನು ಊಹಿಸಿರಿ. ಇಂದು ಸಾವಿರಾರು ರೂಪಾಯಿ ಶುಲ್ಕವನ್ನು ತೆಗೆದುಕೊಂಡು ‘ವ್ಯವಸ್ಥಾಪನಶಾಸ್ತ್ರ’ವೆಂದು ಕಲಿಸುವದು ಇದನ್ನೇ ಅಲ್ಲವೆ?

ಇನ್ನು ಸೇವೆಯಿಂದ ಸ್ವಂತ ವೃತ್ತಿಯು ಕೆಡುವದೆಂಬ ಆಕ್ಷೇಪ. ಹರ್ಡೀಕರರ ವೈದ್ಯವಿದ್ಯೆಯು ಸೇವೆಯಿಂದ ಕೆಡಲಿಲ್ಲ, ವಿಸ್ತಾರಗೊಂಡಿತು. 1929ರಲ್ಲಿ ಡಾ. ಕೊಕಟನೂರರು ಘಟಪ್ರಭೆಯಲ್ಲಿ ಸ್ಥಾಪಿಸಿದ ಕರ್ನಾಟಕ ಆರೋಗ್ಯಧಾಮದೊಡನೆ ಅವರ ಬಾಳು ಹೆಣೆದುಕೊಂಡಿತು. 1952ರಿಂದ ಹತ್ತು ವರ್ಷ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣವು ಅವರನ್ನು ಹುಡುಕಿಕೊಂಡು ಬಂದಿತು. ಇದೇ ಜಿಲ್ಲೆಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ನೋಡಿರಿ. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಮೊದಲಾದ ಆ ಮಹನೀಯರು ವಿದ್ವಾಂಸರು. ಹಣಕಾಸಿನ ಆಡಳಿತದಲ್ಲಿ ಪದವಿ ಪಡೆದವರಲ್ಲ. ಮನೆಮನೆಗೆ ಹೋಗಿ ವರ್ಗಣಿ ಕೂಡಿಸುವದು, ಶಾಲೆಯನ್ನು ನಡೆಯಿಸುವದು, ಎಲ್ಲವನ್ನೂ ಅವರು ಕೆಲಸದಿಂದಲೇ ಕಲಿತರು. ಕಲಿತ ಬಳಿಕ ಕಟ್ಟುವೆವೆಂದು ಅವರು ಕುಳಿತಿದ್ದರೆ ಇಂದು ಆ ಸಂಸ್ಥೆಯ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವ ಭಾಗ್ಯವು ನಮಗೆಲ್ಲಿಂದ ಬರುತ್ತಿತ್ತು?

ದೊಡ್ಡವರ ಮಾತು ದೊಡ್ಡವರಿಗೆ ಎನ್ನುವವರೂ ಉಂಟು. ಅಂಥವರು ಹುಕ್ಕೇರಿಗೆ ಹೋಗಿ ನೋಡಲಿ. 1969ರಲ್ಲಿ ಹುಟ್ಟಿದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು, ರಾಜ್ಯದ ಬೇರೆಲ್ಲಿಯೂ ಇಲ್ಲದ ರೀತಿಯಲ್ಲಿ, ಹಳ್ಳಿಗಳಿಗೆ ವಿದ್ಯುತ್ತನ್ನು ತಾನೇ ಹಂಚುತ್ತಿದೆ. ಅಪ್ಪಣಗೌಡ ಪಾಟೀಲರಂಥ ಹಿರಿಯರು ಅದಕ್ಕೆ ಬುನಾದಿ ಹಾಕಿದರು. ಬಳಕೆದಾರರೇ ಸದಸ್ಯರು, ಸದಸ್ಯರೇ ಆರಿಸಿದ ಆಡಳಿತ ಮಂಡಳಿ. ಇಂಥ ಸಂಸ್ಥೆಯಲ್ಲಿ ಒಬ್ಬ ಒಕ್ಕಲಿಗನಿಗೂ ಠರಾವನ್ನು ಓದಿ ತಿಳಿಯುವ, ವಾರ್ಷಿಕ ಲೆಕ್ಕವನ್ನು ಪ್ರಶ್ನಿಸುವ, ಸೋತಾಗ ಬಹುಮತಕ್ಕೆ ತಲೆಬಾಗುವ ಅಭ್ಯಾಸವು ಬೇಕು. ಆ ಅಭ್ಯಾಸವು ಎಲ್ಲಿಂದ ಬರಬೇಕು? ಭಜನಾಮೇಳದಿಂದ, ಜಾತ್ರೆಯ ಪಂಚಕಮಿಟಿಯಿಂದ, ತರುಣ ಸಂಘದಿಂದಲೇ ಬರಬೇಕು. ಜಾತ್ರೆಯ ದಾಸೋಹವನ್ನೇ ತೆಗೆದುಕೊಳ್ಳಿರಿ. ಎಷ್ಟು ಜನ ಬರುವರೆಂಬ ಅಂದಾಜು, ಅದಕ್ಕೆ ತಕ್ಕ ಅಕ್ಕಿ ಬೇಳೆ, ಉರುವಲು, ನೀರು, ಬಡಿಸುವವರ ಪಾಳಿ, ಮಿಕ್ಕಿದ್ದರ ವಿಲೇವಾರಿ, ಕಡೆಗೆ ಜಮಾಖರ್ಚು. ಇವೆಲ್ಲವನ್ನು ಒಮ್ಮೆ ಹೊತ್ತು ನಿಭಾಯಿಸಿದ ಇಪ್ಪತ್ತು ವರ್ಷದ ಹುಡುಗನು ಯಾವ ಕಚೇರಿಯಲ್ಲಿಯೂ ಕೈಕಟ್ಟಿ ಕಂಗೆಟ್ಟು ನಿಲ್ಲಲಾರನು.

ಆದರೆ ಇಷ್ಟು ಹೇಳಿದ ಮಾತ್ರಕ್ಕೆ ತಪ್ಪೆಲ್ಲ ಮನೆಯವರದೇ ಎಂದಾಗುವದಿಲ್ಲ. ಸಂಘಸಂಸ್ಥೆಗಳ ಹಿರಿಯರಿಗೂ ನಾವು ನಿಷ್ಠುರದ ಎರಡು ಮಾತು ಹೇಳಲೇಬೇಕು. ನೀವು ತರುಣರನ್ನು ಕರೆಯುವದು ಯಾವುದಕ್ಕೆ? ಕುರ್ಚಿ ಹಾಕುವದಕ್ಕೆ, ಕಮಾನು ಕಟ್ಟುವದಕ್ಕೆ, ಅತಿಥಿಗಳಿಗೆ ಹಾರ ತಂದುಕೊಡುವದಕ್ಕೆ. ಕಾರ್ಯಕಾರಿ ಮಂಡಳಿಯ ಸಭೆಯಲ್ಲಿ ಅವರಿಗೆ ಸ್ಥಾನವಿಲ್ಲ. ಕಿರ್ದಿ ಪುಸ್ತಕವು ಅವರ ಕಣ್ಣಿಗೆ ಬೀಳುವದಿಲ್ಲ. ಸಭೆಯ ವೃತ್ತಾಂತವನ್ನು ಬರೆಯಲು ಅವರಿಗೆ ಯಾರೂ ಹೇಳುವದಿಲ್ಲ. ವರ್ಷಗಟ್ಟಲೆ ಕುರ್ಚಿ ಹೊತ್ತವನು ಕುರ್ಚಿ ಹೊರುವದನ್ನಷ್ಟೇ ಕಲಿತಾನು. ಹೊಣೆಯಿಲ್ಲದ ಸೇವೆಯು ಶಿಕ್ಷಣವಲ್ಲ, ಬಿಟ್ಟಿಯೇ ಸರಿ. “ಇಂದಿನ ಹುಡುಗರಿಗೆ ಆಸ್ಥೆಯಿಲ್ಲ” ಎಂದು ಗೊಣಗುವ ಮೊದಲು, ಆಸ್ಥೆ ಹುಟ್ಟುವಂಥ ಕೆಲಸವನ್ನು ನಾವೇನು ಕೊಟ್ಟೆವೆಂದು ಹಿರಿಯರು ತಮ್ಮನ್ನೇ ಕೇಳಿಕೊಳ್ಳಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಅನ್ಯಾಯವು ಇಮ್ಮಡಿ. ಸ್ವಾಗತಗೀತೆಯನ್ನು ಹಾಡಿಸುವದು, ಆರತಿ ಹಿಡಿಸುವದು, ಇಲ್ಲಿಗೆ ಅವರ ಸೇವೆಯು ಮುಗಿಯಿತು! ಮನೆಯ ಸಂತೆಸಾಮಾನಿನ ಲೆಕ್ಕವನ್ನು ಬೆರಳ ತುದಿಯಲ್ಲಿಡುವವರಿಗೆ ಸಂಘದ ಖಜಾಂಚಿತನವು ಭಾರವಾದೀತೆ?

ಇನ್ನೊಂದು ರೋಗವೂ ಹಬ್ಬುತ್ತಿದೆ. ಒಂದು ಸಸಿ ನೆಟ್ಟು ಹತ್ತು ಭಾವಚಿತ್ರ ತೆಗೆಯಿಸಿಕೊಂಡು, ಪ್ರಮಾಣಪತ್ರವು ಕೈಗೆ ಬಂದೊಡನೆ ಸಸಿಯನ್ನೂ ಸಂಘವನ್ನೂ ಮರೆಯುವ ರೋಗವಿದು. ಸೇವೆಯಿಂದ ಕೌಶಲವು ಬರುವದೆಂದು ಕೇಳಿ, ಸೇವೆಯನ್ನು ಬಿಟ್ಟು ಕೌಶಲದ ಕಾಗದವನ್ನು ಮಾತ್ರ ಬಯಸುವವರು ಇವರು. ಕಾಗದಕ್ಕಾಗಿ ಮಾಡಿದ ಸೇವೆಯಲ್ಲಿ ಕಷ್ಟವಿಲ್ಲ. ಕಷ್ಟವಿಲ್ಲದಲ್ಲಿ ಕಲಿಕೆಯೂ ಇಲ್ಲ. ಗುಣವು ಬರುವದು ಸಸಿಗೆ ಬೇಸಿಗೆಯಲ್ಲಿ ಕೊಡ ಹೊತ್ತು ನೀರೆರೆದವನಿಗೆ.

ಈ ಚರ್ಚೆಯು ಕೇವಲ ವಾದವಿನೋದವಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ತಗ್ಗು ಓಣಿಗಳನ್ನು ನುಂಗಿತು. ಲೋಳಸೂರಿನ ಸೇತುವೆಯು ಮುಳುಗಿತು. ಮೂಡಲಗಿ ಭಾಗದ ದಂಡೆಯ ಹಳ್ಳಿಗಳು ಸಂಕಟಕ್ಕೀಡಾದವು. 2021ರ ಜುಲೈಯಲ್ಲಿ ಮತ್ತೆ ಹೊಳೆ ಬಂದಿತು. ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲ ಜಲಾಶಯವು ತುಂಬಿ ನೀರು ಬಿಟ್ಟಾಗಲೆಲ್ಲ ಕೆಳಗಿನವರು ನಿದ್ದೆಗೆಡಬೇಕು. ಇಂಥ ಹೊತ್ತಿನಲ್ಲಿ ಕರುಣೆಗೆ ಕೊರತೆಯಾಗುವದಿಲ್ಲ. ರೊಟ್ಟಿಯ ಗಂಟುಗಳೂ ಬಟ್ಟೆಯ ಮೂಟೆಗಳೂ ಬಂದು ಬೀಳುವವು. ಕೊರತೆಯಾಗುವದು ತಾಲೀಮಿಗೆ. ಯಾವ ಓಣಿಯಲ್ಲಿ ಎಷ್ಟು ಜನ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಏನು ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ಎಂಬ ಯಾದಿಯನ್ನು ಬರೆದಿಟ್ಟವರಾರು? ಮುಳುಗಿದವನ ಎದೆಯಿಂದ ಉಸಿರು ಬರಿಸುವ ಪ್ರಥಮೋಪಚಾರವನ್ನು ಬಲ್ಲವರಾರು? ದಯೆಯು ಕ್ಷಣದಲ್ಲಿ ಹುಟ್ಟಬಲ್ಲದು. ದಕ್ಷತೆಯು ಹೊಳೆ ಬರುವ ಮೊದಲೇ ಹುಟ್ಟಿರಬೇಕು.

ಬಡವರ ಮಕ್ಕಳು ದುಡಿಮೆಯನ್ನು ಬಿಟ್ಟು ಸೇವೆಗೆ ಬರಲಿ ಎಂದು ನಾವು ಹೇಳುತ್ತಿಲ್ಲ. ಕೂಲಿ ಕೊಟ್ಟು ಮಾಡಿಸಬೇಕಾದದ್ದನ್ನು ಸೇವೆಯ ಹೆಸರಿನಲ್ಲಿ ಪುಕ್ಕಟೆ ಮಾಡಿಸಿಕೊಳ್ಳುವದು ಪಾಪವೇ ಸರಿ. ವೇಳೆಯೂ ಅನ್ನವೂ ಇದ್ದ ಮನೆಗಳಿಗೆ, ಎಂದರೆ ಈ ಪತ್ರಿಕೆಯನ್ನು ಓದುವ ಮನೆಗಳಿಗೇ, ನಮ್ಮ ಈ ಮಾತು.

ಆದ್ದರಿಂದ ಮೂರು ಸೂಚನೆಗಳು. ಪ್ರತಿಯೊಂದು ಸಂಘವೂ ಇಪ್ಪತ್ತೈದರ ಒಳಗಿನ ಇಬ್ಬರನ್ನು, ಅವರಲ್ಲೊಬ್ಬಳು ಹೆಣ್ಣುಮಗಳಿರುವಂತೆ, ಕಾರ್ಯಕಾರಿ ಮಂಡಳಿಗೆ ತೆಗೆದುಕೊಂಡು, ಒಬ್ಬ ಹಿರಿಯರ ಕೈಕೆಳಗೆ ಕಿರ್ದಿಯನ್ನೂ ಸಭಾವೃತ್ತಾಂತವನ್ನೂ ಅವರಿಗೆ ಒಪ್ಪಿಸಲಿ. ವರ್ಷದ ಕೊನೆಗೆ ಶಿಲಕನ್ನು ಸಭೆಯ ಮುಂದೆ ಅವರೇ ಓದಿ ಹೇಳಲಿ. ಹೊಳೆದಂಡೆಯ ಊರುಗಳಲ್ಲಿ ಕಾರಹುಣ್ಣಿವೆಯ ಮೊದಲೇ ಪ್ರಥಮೋಪಚಾರದ ಪಾಠವೂ ಓಣಿವಾರು ಯಾದಿಯೂ ಸಿದ್ಧವಾಗಲಿ. ಮೂರನೆಯದು ತಂದೆತಾಯಿಗಳಿಗೆ: ಮಗನೋ ಮಗಳೋ ವಾರಕ್ಕೊಂದು ಸಂಜೆ ಊರ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಅಡ್ಡ ನಿಲ್ಲಬೇಡಿರಿ. ಮರಳಿ ಬಂದಾಗ “ಏನು ಮಾಡಿದಿರಿ, ಯಾರಿಗೆ ಲೆಕ್ಕ ಕೊಟ್ಟಿರಿ?” ಎಂದು ಕೇಳಿರಿ. ಉತ್ತರವು ಸ್ಪಷ್ಟವಾಗಿ ಬಂದರೆ ಮಗುವು ಕಲಿಯುತ್ತಿದೆಯೆಂದು ತಿಳಿಯಿರಿ. ಬರದಿದ್ದರೆ ಆ ಸಂಘದ ಹಿರಿಯರನ್ನು ಹೋಗಿ ಕೇಳಿರಿ. ಕೇಳುವ ಆ ಕೆಲಸವೂ ಸೇವೆಯೇ.